ತರಗೆಲೆ ಮೇಲೆ ಯೂರಿಯಾ ಎರಚಬೇಡಿ

ಕಾಫಿ ಹೂ ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಮುಗಿದು ಮೇ ಬಂತೆಂದರೆ ನಮ್ಮ ಕೊಡಗಿನ ತೋಟಗಳಲ್ಲಿ ಗೊಬ್ಬರದ ಗಡಿಬಿಡಿ. ಕೋಳಿಗೆ ಅಕ್ಕಿ ಎರಚಿದ ಹಾಗೆ ಕಾಫಿ ಸಾಲಿನಲ್ಲಿ ಯೂರಿಯಾ ಎರಚುತ್ತಾ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಮೂರು ದಿನ ಬಿಟ್ಟು ಅಲ್ಲಿ ಬಗ್ಗಿದರೆ ಕೊಟ್ಟಿಗೆಯ ಗಂಜಳದ ನಾತ. ಅದೇ ಅಮೋನಿಯಾ. 45 ಕಿಲೋ ಚೀಲದಲ್ಲಿ ಸಾರಜನಕ ಇರುವುದೇ ಸುಮಾರು 21 ಕಿಲೋ. ಅದರಲ್ಲೂ ಒಂದು ಪಾಲು ಹಾರಿಹೋದರೆ?

ಹಾರಿದ್ದು ಮಾಯವಾಗುವುದೂ ಇಲ್ಲ. ವಾಹನ, ಕಾರ್ಖಾನೆಗಳ ಹೊಗೆಯಿಂದ ಹುಟ್ಟಿದ ಆಮ್ಲಗಳ ಜೊತೆ ಸೇರಿ ಪಿಎಂ 2.5 ಎನ್ನುವ ನುಣ್ಣನೆ ಕಣವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಅದು, ನೂರಾರು ಕಿಲೋಮೀಟರ್ ದೂರ ಹೋಗಬಲ್ಲದು. ಉಳಿದದ್ದು ಹತ್ತಿರದ ಕಾಡಿನ ಮೇಲೇ ಬೀಳುತ್ತದೆ. ಮರದ ತೊಗಟೆಯ ಹಲವು ಜಾತಿಯ ಕಲ್ಲುಹೂವಿಗೆ ಅಮೋನಿಯಾ ಅಂದ್ರೆ ಆಗುವುದೇ ಇಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ತನ್ನಿ.

ಎರಡನೆಯದು ಸುಣ್ಣ. ನಮ್ಮದು ಹುಳಿ ಮಣ್ಣು, ಸುಣ್ಣ ಬೇಕು, ಸರಿ. ಆದರೆ ಒಂದೇ ಕೂಲಿಯಲ್ಲಿ ಮುಗಿಯಲಿ ಎಂದು ಸುಣ್ಣ, ಯೂರಿಯಾ ಎರಡನ್ನೂ ಒಟ್ಟಿಗೆ ಹಾಕಬೇಡಿ, ಸುಣ್ಣ ಸೇರಿದರೆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ಎರಡರ ನಡುವೆ ಒಂದು ತಿಂಗಳಾದರೂ ಬಿಡಿ. ಒಲೆಬೂದಿಗೂ ಇದೇ ಮಾತು. ಯೂರಿಯಾ ಬದಲು ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಆದರೂ ಅಷ್ಟೇ.

ಇನ್ನು ಎಲ್ಲರೂ ಎಡವುವ ಜಾಗ. ಯೂರಿಯಾವನ್ನು ಅಮೋನಿಯಾ ಮಾಡುವುದು ಯೂರಿಯೇಸ್ ಎಂಬ ಕಿಣ್ವ. ಅದು ಬರಿ ಮಣ್ಣಿಗಿಂತ ಕೊಳೆಯುವ ತರಗೆಲೆಯಲ್ಲಿ ಜಾಸ್ತಿ. ನೆರಳು ಮರಗಳ ಕೆಳಗೆ ತರಗೆಲೆಗೆ ಬರವೇ? ಯೂರಿಯಾ ಕಾಳು ಅದರ ಮೇಲೆ ಕುಳಿತು, ಇಬ್ಬನಿಗೆ ಅರ್ಧ ಕರಗಿ, ಮಣ್ಣು ಮುಟ್ಟುವ ಮೊದಲೇ ಆವಿಯಾಗುತ್ತದೆ. ಆದ್ದರಿಂದ ಬುಡದಿಂದ ಒಂದು, ಒಂದೂವರೆ ಅಡಿ ದೂರದಲ್ಲಿ, ರೆಕ್ಕೆಗಳ (ಅಡ್ಡ ಕೊಂಬೆಗಳ) ಹನಿ ಬೀಳುವ ಸುತ್ತಿನಲ್ಲಿ ತರಗೆಲೆ ಸರಿಸಿ. ಕಪ್ಪು ಮಣ್ಣು ಕಾಣಬೇಕು. ಅಲ್ಲಿ ಉಂಗುರದ ಹಾಗೆ ಗೊಬ್ಬರ ಉದುರಿಸಿ, ಕೈಯಲ್ಲೇ ಮಣ್ಣು ಕೆದಕಿ ಬೆರೆಸಿ. ಗುದ್ದಲಿ ಬೇಡ, ಕಾಫಿಯ ಹೀರು ಬೇರು ಮೇಲೇ ಇರುತ್ತದೆ. ಆಮೇಲೆ ತರಗೆಲೆ ಮುಚ್ಚಿ. ಗಿಡಕ್ಕೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಯಾರೂ ಮಾಡುವುದಿಲ್ಲ. ಗಿಡದ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರಂತೂ ಈ ಕೆಲಸ ಆಗುವುದೇ ಇಲ್ಲ. ದಿನಗೂಲಿ ಕೊಡಿ, ಜೊತೆಗೆ ನಿಂತುಕೊಳ್ಳಿ.

ಮಳೆ ನೋಡಿ ಹಾಕಿ. ಮಣ್ಣು ಹಸಿ ಇರಬೇಕು, ಅಂದೇ ಸಂಜೆ ಅರ್ಧ ಇಂಚು ಬಿದ್ದರೆ ಗೊಬ್ಬರ ಒಳಗಿಳಿಯುತ್ತದೆ. ಬರಿ ಜಿನುಗು ಕೆಟ್ಟದ್ದು: ಕಾಳು ಕರಗುತ್ತದೆ, ಇಳಿಯುವುದಿಲ್ಲ. ಜುಲೈನ ಸುರಿಮಳೆಗೆ ಹಾಕಿದರೆ ತೋಡಿನಲ್ಲಿ ಕಾವೇರಿ ಸೇರುತ್ತದೆ. ಸ್ಪ್ರಿಂಕ್ಲರ್ ಇದ್ದರೆ ಮೋಡ ಕಾಯುವ ಕೆಲಸವೇ ಇಲ್ಲ.

"ಬೇವು ಲೇಪಿತ ಯೂರಿಯಾ ಅಲ್ವಾ, ಹಾರುವುದಿಲ್ಲ" ಎನ್ನುತ್ತಾರೆ. ತಪ್ಪು. ಮಣ್ಣಿನಲ್ಲಿರುವ ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾಗುವುದನ್ನು ಬೇವು ನಿಧಾನ ಮಾಡುತ್ತದೆ. ಅಮೋನಿಯಾ ಹಾರುವುದನ್ನು ಅದು ತಡೆಯುತ್ತದೆಂದು ನಂಬಿ ಕೂರಬೇಡಿ. ಅಂಗಡಿಯವರ ಮಾತು ಕೇಳಿ ನಾನೂ ಒಂದು ವರ್ಷ ಯಾವುದೋ ಹಸಿರು ಡಬ್ಬಿಯ 'ಸಾರಜನಕ ರಕ್ಷಕ' ತಂದಿದ್ದೆ. ತರಗೆಲೆ ಮೇಲೆ ಎರಚಿದ್ದಕ್ಕೆ ನಾತ ಅಷ್ಟೇ ಬಂತು.

ಗದ್ದೆಗೆ ಹಾಕುವುದಾದರೆ ನೀರು ಬಸಿದು ಕೆಸರಿಗೆ ಹಾಕಿ, ಆಮೇಲೆ ನೀರು ಕಟ್ಟಿ. ಸಗಣಿ ಗುಂಡಿಯಿಂದಲೂ ಅಮೋನಿಯಾ ಹಾರುತ್ತದೆ; ಅದರ ಮೇಲೆ ಒಂದು ಪದರ ಕಾಫಿ ಸಿಪ್ಪೆ, ಸಿಪ್ಪೆಯ ಮೇಲೆ ಮಣ್ಣು ಹಾಕಿ.

ಮೂರನೇ ದಿನ ಬೆಳಿಗ್ಗೆ ತೋಟಕ್ಕೆ ಹೋಗಿ ನಾಲ್ಕು ಬುಡದಲ್ಲಿ ಬಗ್ಗಿ ಮೂಸಿ. ಎಲೆ ಕೊಳೆತ ಘಮ ಮಾತ್ರ ಇದ್ದರೆ ಸರಿ. ಕಣ್ಣು ಚುರ್ ಅಂದರೆ ಅಲ್ಲಿ ಯಾರು ಹಾಕಿದ್ದು ಎಂದು ವಿಚಾರಿಸಿ.