ಡಿಸ್ಕನ್ನು ಹಾಗೇ ಇಡೋದಾ, ಕುಗ್ಗಿಸೋದಾ?

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಪ್ರೊಜೆಕ್ಟರ್ ಹಾಕಿಸಿದ ಮೇಲೆ, ಕೊಂಡಿಟ್ಟ ಬ್ಲೂ-ರೇ ಡಿಸ್ಕುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಇದಕ್ಕೆ ಮೇಕ್‌ಎಂಕೆವಿ ಎಂಬ ತಂತ್ರಾಂಶ ಸಾಕು. ಡಿಸ್ಕಿನ ಚಿತ್ರ, ಧ್ವನಿ ಎರಡನ್ನೂ ಹೊಸದಾಗಿ ಕುಗ್ಗಿಸದೆ ಹಾಗೇ ಒಂದು ಫೈಲಿಗೆ ಹಾಕಿಕೊಡುತ್ತದೆ. ಆದರೆ ಒಂದು ಸಿನಿಮಾಕ್ಕೆ 30 ಜಿಬಿ ಸುಲಭವಾಗಿ ಹೋಗುತ್ತದೆ. ಅದನ್ನೇ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಎಚ್.265 ಎಂಬ ವಿಧಾನದಿಂದ ಕುಗ್ಗಿಸಿದರೆ ಏಳೆಂಟು ಜಿಬಿಗೆ ಮುಗಿಯುತ್ತದೆ.

ಎರಡನ್ನೂ ಪರದೆ ಮೇಲೆ ಹಾಕಿ ನೋಡಿದೆ. ಹಗಲಿನ ದೃಶ್ಯಗಳಲ್ಲಿ ನನಗೆ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ಕತ್ತಲೆಯ ದೃಶ್ಯ ಬಂದಾಗ ಗೊತ್ತಾಯಿತು. ರಾತ್ರಿ ಆಕಾಶ ನುಣ್ಣಗೆ ಕಪ್ಪಾಗುವ ಬದಲು ಪಟ್ಟೆ ಪಟ್ಟೆಯಾಗಿ ಕಂಡಿತು. ಬಣ್ಣದ ಹಂತಗಳನ್ನು ಇನ್ನೂ ಸೂಕ್ಷ್ಮವಾಗಿ ಇಡುವ 10 ಬಿಟ್‌ನಲ್ಲಿ ಮಾಡಿದಾಗ ಅದು ಬಹಳ ಕಡಿಮೆಯಾಯಿತು. ರೀಲಿನಲ್ಲಿ ತೆಗೆದ ಹಳೆಯ ಸಿನಿಮಾಗಳ ಕಥೆ ಬೇರೆ. ರೀಲಿನ ಚಿತ್ರದಲ್ಲಿ ಕಾಣುವ ಸಣ್ಣ ಸಣ್ಣ ಕಾಳು (ಗ್ರೇನ್) ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ. ಕುಗ್ಗಿಸಿದರೆ ಮುಖ ಮೇಣದ ಹಾಗೆ ಆಗುತ್ತದೆ. ಕಾಳು ಉಳಿಸಲು ಹೋದರೆ ಫೈಲು ಮತ್ತೆ ದೊಡ್ಡದಾಗುತ್ತದೆ. ಅಂಥವನ್ನು ನಾನು ಕುಗ್ಗಿಸುವುದೇ ಇಲ್ಲ.

ಧ್ವನಿಯನ್ನಂತೂ ಮುಟ್ಟಬೇಡಿ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಂಬ ಉತ್ತಮ ಗುಣಮಟ್ಟದ ಧ್ವನಿ ಇದ್ದರೆ ಪಾಸ್‌ಥ್ರೂ (ಬದಲಿಸದೆ ಹಾಗೇ ದಾಟಿಸುವ ಆಯ್ಕೆ) ಕೊಡಿ, ಸುಮ್ನೆ ಬಿಡಿ. ಟಿವಿಯಿಂದ ಧ್ವನಿಯನ್ನು ಹೊರಗೆ ಕಳಿಸುವ ಸಾದಾ ಎಆರ್‌ಸಿ ಜೋಡಣೆಯ ಮೂಲಕ ಅವು ಹೋಗುವುದಿಲ್ಲ, ಪ್ಲೇಯರನ್ನು ಸ್ಪೀಕರುಗಳನ್ನು ನಡೆಸುವ ರಿಸೀವರ್‌ಗೇ ನೇರ ಜೋಡಿಸಿ. ದೊಡ್ಡ ಫೈಲುಗಳಿಗೆ ವೈಫೈಗಿಂತ ಲ್ಯಾನ್ ವೈರು ಒಳ್ಳೆಯದು.

ಇಷ್ಟೆಲ್ಲ ಸಿನಿಮಾದ ಮಾತು. ಮನೆಯ ಮದುವೆ ಡಿವಿಡಿಗೆ ನನ್ನ ನಿಯಮ ಒಂದೇ: ಕುಗ್ಗಿಸಬಾರದು. ನಮ್ಮ ಅಕ್ಕನ ಮದುವೆ ಹಳೇ ಊರಿನ ಮನೆಯಲ್ಲಿ ಆದದ್ದು. ಆಲಮಟ್ಟಿ ಹಿನ್ನೀರಿಗೆ ಆ ಮನೆ ಮುಳುಗಡೆಯಾಯಿತು. ಟೇಪಿನಿಂದ ಡಿವಿಡಿಗೆ ಇಳಿಸಿದ ಆ ಚಿತ್ರದಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳಿರುತ್ತವೆ. ಒಂದು ಸಲ ಬೆಸ ಗೆರೆಗಳು, ಇನ್ನೊಂದು ಸಲ ಸಮ ಗೆರೆಗಳು. ಕುಗ್ಗಿಸುವಾಗ ಇವನ್ನು ಜೋಡಿಸಿ ಸಾಮಾನ್ಯವಾಗಿ 25 ಫ್ರೇಮ್ ಮಾಡುತ್ತಾರೆ. ಹಾಗೆ ಮಾಡಿ ನೋಡಿದಾಗ ಮೆರವಣಿಗೆಯಲ್ಲಿ ಡೊಳ್ಳಿನವರ ಕೈ ಕುಪ್ಪಳಿಸಿದಂತೆ ಕಂಡಿತು. ಮೂಲದಲ್ಲಿ ಆ ಕೈ ಸಲೀಸಾಗಿ ತಿರುಗುತ್ತದೆ. ಮೊದಲ ಸಲ ದೊಡ್ಡ ಪರದೆ ಮೇಲೆ ಹಾಕಿದಾಗ ಅವ್ವ ಎದ್ದು ಹತ್ತಿರ ಹೋಗಿ, ‘ನಮ್ಮ ಮನಿ ಕಟ್ಟಿ ನೋಡಲ್ಲಿ ತಮ್ಮಾ’ ಅಂದಳು. ಕಟ್ಟೆಯ ಕಲ್ಲಿನ ಸಂದು ಕೂಡ ಕಾಣುತ್ತಿತ್ತು.

ಸಿನಿಮಾ ಡಿಸ್ಕು ಮತ್ತೆ ಸಿಕ್ಕೀತು, ಇದು ಸಿಗುವುದಿಲ್ಲ ಅಲ್ವಾ? ಬರೆದ (ಬರ್ನ್ ಮಾಡಿದ) ಡಿವಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಹಾಳಾಗುತ್ತದೆ. ಹಾಗಾಗಿ ಇಡೀ ಡಿಸ್ಕನ್ನು ಐಎಸ್ಒ, ಅಂದರೆ ಡಿಸ್ಕಿನ ಪಡಿಯಚ್ಚಿನಂಥ ಒಂದೇ ಫೈಲು, ಮಾಡಿದೆ. ಗೀಚು ಬಿದ್ದ ಜಾಗಗಳನ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮತ್ತೆ ಮತ್ತೆ ಓದಿ ತೆಗೆಯಿತು. ತುಂಬಿದ ಡಿಸ್ಕೇ 4.7 ಜಿಬಿ, ಕುಗ್ಗಿಸಿ ಉಳಿಸುವಂಥ ಜಾಗವೇನೂ ಇಲ್ಲ. ಒಂದು ಪ್ರತಿ ನಮ್ಮಲ್ಲಿದೆ, ಇನ್ನೊಂದನ್ನು ವಿಜಯಪುರದ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ.