ಲ್ಯಾಬ್‌ನಲ್ಲಿ ಲೈಟ್‌ಹೌಸ್ ಬೇಸ್ ಸ್ಟೇಷನ್ ಕೂರಿಸುವುದು ಹೇಗೆ?

ಹಾರುವ ಡ್ರೋನ್ ಅಥವಾ ಓಡಾಡುವ ರೋಬೋ ಕೋಣೆಯಲ್ಲಿ ಈ ಕ್ಷಣ ಎಲ್ಲಿದೆ ಅಂತ ತಿಳಿಯಲು ಈಗ ಬಹಳ ಲ್ಯಾಬ್‌ಗಳು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಜೊತೆ ಬರುವ ಲೈಟ್‌ಹೌಸ್ ಬೇಸ್ ಸ್ಟೇಷನ್‌ಗಳನ್ನೇ ಬಳಸುತ್ತವೆ. ಸ್ಟೇಷನ್ ಒಳಗೆ ಮೋಟಾರು ತಿರುಗುತ್ತಾ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಪಟ್ಟಿಯನ್ನು ಕೋಣೆಯ ತುಂಬ ಬೀಸುತ್ತದೆ. ಬೆಳಕು ಟ್ರ್ಯಾಕರ್‌ನ (ಡ್ರೋನ್ ಅಥವಾ ರೋಬೋ ಮೇಲಿರುವ, ಈ ಬೆಳಕನ್ನು ಗ್ರಹಿಸುವ ಸಾಧನದ) ಸೆನ್ಸರ್‌ಗಳಿಗೆ ಯಾವ ಗಳಿಗೆಯಲ್ಲಿ ತಾಗಿತು ಎಂಬುದರಿಂದ ಕೋನ ಸಿಗುತ್ತದೆ, ಕೋನಗಳಿಂದ ಜಾಗ ಸಿಗುತ್ತದೆ. ಲೆಕ್ಕವೆಲ್ಲ ಟ್ರ್ಯಾಕರ್ ಮತ್ತು ಕಂಪ್ಯೂಟರ್ ಪಾಲಿನದು. ಸ್ಟೇಷನ್‌ಗೆ ಪವರ್ ಕೊಟ್ಟರೆ ಸಾಕು.

ಕೆಲಸದಲ್ಲಿ ಮುಕ್ಕಾಲು ಪಾಲು ಗೋಡೆಯ ಮೇಲೇ ಇದೆ. ಸಾಫ್ಟ್‌ವೇರ್ ಆಮೇಲಿನ ಮಾತು.

ಮೊದಲು ಆವೃತ್ತಿ ನೋಡಿ

ಬೇಸ್ ಸ್ಟೇಷನ್‌ಗಳಲ್ಲಿ 1.0 ಮತ್ತು 2.0 ಎಂಬ ಎರಡು ಆವೃತ್ತಿಗಳಿವೆ, ಇವನ್ನು ಒಂದೇ ಕೋಣೆಯಲ್ಲಿ ಬೆರೆಸುವಂತಿಲ್ಲ. 2016ರ ಮೊದಲ ಎಚ್‌ಟಿಸಿ ವೈವ್ ವಿಆರ್ ಹೆಡ್‌ಸೆಟ್‌ಗೆ 2.0 ಬೆಳಕನ್ನು ಓದಲು ಬರುವುದಿಲ್ಲ. 1.0ರಲ್ಲಿ ಸಾಮಾನ್ಯವಾಗಿ ಎರಡೇ ಸ್ಟೇಷನ್, ನಡುವಿನ ದೂರ ಸುಮಾರು 5 ಮೀಟರ್ ಒಳಗಿರಬೇಕು. 2.0ರಲ್ಲಿ ನಾಲ್ಕು ಸ್ಟೇಷನ್ ಹಾಕಿದರೆ 10x10 ಮೀಟರ್ ಜಾಗ ಸಿಗುತ್ತದೆ.

ಗೋಡೆಯ ಕೆಲಸ

ಎರಡು ಸ್ಟೇಷನ್ ಇದ್ದರೆ ಎದುರುಬದುರು ಮೂಲೆಗಳಲ್ಲಿ, 2 ಮೀಟರ್‌ಗಿಂತ ಎತ್ತರದಲ್ಲಿ, 30ರಿಂದ 45 ಡಿಗ್ರಿ ಕೆಳಕ್ಕೆ ಬಾಗಿಸಿ ಕೂರಿಸಿ. ಟ್ರ್ಯಾಕರ್ ಎತ್ತ ತಿರುಗಿದರೂ ಒಂದಾದರೂ ಸ್ಟೇಷನ್ ಅದಕ್ಕೆ ಕಾಣಬೇಕು. ಎರಡೂ ಕಂಡರೆ ಅಳತೆ ಇನ್ನೂ ಗಟ್ಟಿ.

ಇಲ್ಲಿ ಒಂದು ಲೆಕ್ಕ ನೋಡಿ. ಸ್ಟೇಷನ್ ಬರೀ 1 ಡಿಗ್ರಿ ಓರೆಯಾದರೆ, 5 ಮೀಟರ್ ದೂರದಲ್ಲಿ ಬೆಳಕು ಸುಮಾರು 9 ಸೆಂಟಿಮೀಟರ್ ಜರುಗುತ್ತದೆ. ಡಿಗ್ರಿಯ ಹತ್ತನೇ ಒಂದು ಭಾಗ ಅಲುಗಿದರೂ 9 ಮಿಲಿಮೀಟರ್! ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ಇಡೀ ದಿನದ ಡೇಟಾ ಕೆಡಿಸಬಲ್ಲದು. ಆದ್ದರಿಂದ ಫಾಲ್ಸ್ ಸೀಲಿಂಗ್ ಹಲಗೆ ಬೇಡ, ಎಸಿ ಡಕ್ಟ್ ಬೇಡ, ದಡಾರನೆ ಬಡಿಯುವ ಬಾಗಿಲಿನ ಪಕ್ಕದ ಪಾರ್ಟಿಷನ್ನೂ ಬೇಡ. ಕಾಂಕ್ರೀಟ್ ಅಥವಾ ಇಟ್ಟಿಗೆ ಗೋಡೆ ಸಿಕ್ಕರೆ ಅದೇ ಒಳ್ಳೆಯದು. ಟ್ರೈಪಾಡ್ ತಾತ್ಕಾಲಿಕ ಡೆಮೊಗೆ ಸರಿ, ತಿಂಗಳುಗಟ್ಟಲೆ ನಡೆಯುವ ಪ್ರಯೋಗಕ್ಕಲ್ಲ. ಯಾರದೋ ಕಾಲು ತಾಗೇ ತಾಗುತ್ತದೆ ಅಲ್ವಾ?

ಸ್ಟೇಷನ್‌ನಲ್ಲಿ ಕ್ಯಾಮೆರಾದಲ್ಲಿರುವಂಥದೇ ಕಾಲಿಂಚಿನ ಸ್ಕ್ರೂ ತೂತು ಇರುತ್ತದೆ, ಹಾಗಾಗಿ ಕ್ಯಾಮೆರಾ ಬ್ರಾಕೆಟ್ ಹೊಂದುತ್ತದೆ. ಕೋನ ಸರಿಯಾದ ಮೇಲೆ ಬಾಲ್ ಹೆಡ್ (ಎತ್ತ ಬೇಕಾದರೂ ತಿರುಗುವ ಬ್ರಾಕೆಟ್‌ನ ಗುಂಡು ಕೀಲು) ಬಿಗಿ ಮಾಡಿ. ಬಾಲ್ ಮತ್ತು ಬ್ರಾಕೆಟ್ ಸೇರುವ ಕಡೆ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ತಪ್ಪಿದ್ದರೆ ಸ್ಟೇಷನ್ ತಿರುಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪವರ್ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಗೋಡೆಗೆ ಕ್ಲಿಪ್ ಮಾಡಿ. ಯಾರಾದರೂ ವೈರ್ ಎಳೆದರೆ ಆ ಎಳೆತ ಕ್ಲಿಪ್‌ನಲ್ಲೇ ನಿಲ್ಲಬೇಕು, ಸ್ಟೇಷನ್ ತನಕ ಹೋಗಬಾರದು.

ಪ್ರತಿಫಲನ

ಕನ್ನಡಿ, ಗಾಜಿನ ಕಿಟಕಿ, ಹೊಳೆಯುವ ವೈಟ್‌ಬೋರ್ಡ್, ಸ್ಟೀಲ್ ಕಪಾಟು, ಮಾನಿಟರ್ ಇವೆಲ್ಲ ಲೇಸರನ್ನು ವಾಪಸ್ ಚಿಮ್ಮಿಸುತ್ತವೆ. ಸೆನ್ಸರ್‌ಗೆ ನೇರ ಬೆಳಕು ಯಾವುದು, ಚಿಮ್ಮಿದ್ದು ಯಾವುದು ಅಂತ ಗೊಂದಲವಾಗಿ ಟ್ರ್ಯಾಕರ್ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಒಂದೊಂದನ್ನೇ ಬಟ್ಟೆಯಿಂದ ಮುಚ್ಚಿ ನೋಡಿ, ತಪ್ಪು ಯಾವುದರದ್ದು ಅಂತ ಸಿಕ್ಕಿಬೀಳುತ್ತದೆ. ನೇರ ಬಿಸಿಲು ಬೀಳದಂತೆ ಪರದೆ ಹಾಕಿ. ಅದೇ ಕೋಣೆಯಲ್ಲಿ ಇನ್‌ಫ್ರಾರೆಡ್ ಬೆಳಕು ಮಿನುಗಿಸುವ ಮೋಷನ್ ಕ್ಯಾಪ್ಚರ್ ಕ್ಯಾಮೆರಾ ಇದ್ದರೆ ಎರಡನ್ನೂ ಒಟ್ಟಿಗೆ ಓಡಿಸುವ ಮುಂಚೆ ಪರೀಕ್ಷಿಸಲೇಬೇಕು.

ಚಾನೆಲ್

ಸ್ಟೇಷನ್‌ಗಳ ಬೆಳಕು ಒಂದಕ್ಕೊಂದು ಬೆರೆಯದಂತೆ ಪ್ರತಿಯೊಂದಕ್ಕೂ ಬೇರೆ ಚಾನೆಲ್ ಬೇಕು. 1.0ರಲ್ಲಿ ಎರಡು ಸ್ಟೇಷನ್ ಒಂದನ್ನೊಂದು ನೋಡುವಂತಿದ್ದರೆ ಒಂದಕ್ಕೆ 'ಬಿ', ಇನ್ನೊಂದಕ್ಕೆ 'ಸಿ' ಕೊಡಿ. ನಡುವೆ ಅಡ್ಡವಿದ್ದರೆ ಎರಡರ ಸಮಯವನ್ನು ಹೊಂದಿಸುವ ಸಿಂಕ್ ಕೇಬಲ್ ಎಳೆದು 'ಎ' ಮತ್ತು 'ಬಿ' ಮಾಡಿ. 2.0ರಲ್ಲಿ 1ರಿಂದ 16ರವರೆಗೆ ಚಾನೆಲ್‌ಗಳಿವೆ. ಹಿಂಬದಿಯ ಸಣ್ಣ ತೂತಿನೊಳಗೆ ಪಿನ್ ಒತ್ತಿ ಅಥವಾ ಕಂಪ್ಯೂಟರ್‌ನ ವಿಆರ್ ಸಾಫ್ಟ್‌ವೇರ್ ಆದ ಸ್ಟೀಮ್‌ವಿಆರ್‌ನಿಂದ ಬದಲಿಸಬಹುದು. ಎರಡು ಸ್ಟೇಷನ್‌ಗೆ ಒಂದೇ ಚಾನೆಲ್ ಬರಕೂಡದು. ನಂಬರನ್ನು ಚೀಟಿಯಲ್ಲಿ ಬರೆದು ಸ್ಟೇಷನ್ ಮೇಲೇ ಅಂಟಿಸಿ.

ಕ್ಯಾಲಿಬ್ರೇಷನ್

ಲೆನ್ಸ್, ಮೋಟಾರುಗಳ ಸಣ್ಣಪುಟ್ಟ ಓರೆಕೋರೆಗಳನ್ನು ಕಾರ್ಖಾನೆಯಲ್ಲೇ ಅಳೆದು ಸ್ಟೇಷನ್‌ನೊಳಗೆ ತುಂಬಿರುತ್ತಾರೆ. ಆ ಮಾಹಿತಿ ಬೆಳಕಿನ ಜೊತೆಗೇ ಟ್ರ್ಯಾಕರ್‌ಗೆ ತಲುಪುತ್ತದೆ. ನಮಗೆ ಉಳಿಯುವುದು ಸ್ಟೇಷನ್‌ಗಳು ಕೋಣೆಯಲ್ಲಿ ಎಲ್ಲಿವೆ ಅಂತ ತಿಳಿಸುವುದು. ಸ್ಟೀಮ್‌ವಿಆರ್‌ನಲ್ಲಿ ರೂಮ್ ಸೆಟಪ್ ಮಾಡಿ. ಕ್ರೇಜಿಫ್ಲೈ ಎಂಬ ಪುಟ್ಟ ಸಂಶೋಧನಾ ಡ್ರೋನ್ ಆದರೆ ಮೊದಲು ಮೂಲಬಿಂದುವಿನಲ್ಲಿ (ಅಳತೆ ಸೊನ್ನೆಯಿಂದ ಶುರುವಾಗುವ ಜಾಗದಲ್ಲಿ) ಇಡಿ, ಆಮೇಲೆ ಎಕ್ಸ್ ಅಕ್ಷದಲ್ಲಿ ಸರಿಯಾಗಿ 1 ಮೀಟರ್ ಮುಂದೆ, ಆಮೇಲೆ ನೆಲದ ಬೇರೆ ಬೇರೆ ಕಡೆ. ಕೊನೆಗೆ ಕೈಯಲ್ಲಿ ಹಿಡಿದು ಹಾರುವ ಜಾಗದ ತುಂಬ ಓಡಾಡಿಸಿ. ಆ 1 ಮೀಟರನ್ನು ಟೇಪಿನಿಂದಲೇ ಅಳೆಯಿರಿ, ಸುಮ್ನೆ ಅಂದಾಜು ಬೇಡ. ಇಡೀ ಕೋಣೆಯ ಅಳತೆ ಅದರ ಮೇಲೆ ನಿಂತಿದೆ.

ನಂಬುವ ಮುಂಚೆ

ನೆಲದಲ್ಲಿ ಅಳತೆ ಗೊತ್ತಿರುವ ನಾಲ್ಕೈದು ಕಡೆ ಟೇಪಿನ ಗುರುತು ಹಾಕಿ. ಟ್ರ್ಯಾಕರ್ ಅಲ್ಲಿಟ್ಟು ತೋರಿಸುವ ಅಂಕಿಯನ್ನು ಹೋಲಿಸಿ. ಒಂದು ಸ್ಟೇಷನ್ ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಪ್ರತಿ ಸಲವೂ ಜಾಗ ಜಾಸ್ತಿ ಜರುಗಿದರೆ ಕ್ಯಾಲಿಬ್ರೇಷನ್ ಮತ್ತೆ ಮಾಡಿ. ದಿನದ ಪ್ರಯೋಗ ಶುರು ಮಾಡುವ ಮುಂಚೆ ಒಂದು ಗುರುತಿನ ಮೇಲಾದರೂ ಟ್ರ್ಯಾಕರ್ ಇಟ್ಟು, ಅಂಕಿಯನ್ನು ಡೇಟಾ ಫೈಲಿನ ಜೊತೆಗೇ ಉಳಿಸಿ. ಕೆಲಸ ಮುಗಿದ ಮೇಲೆ 2.0 ಸ್ಟೇಷನ್‌ಗಳನ್ನು ಬ್ಲೂಟೂತ್ ಮೂಲಕ ನಿದ್ದೆಗೆ ಕಳಿಸಿ. ಮೋಟಾರು ರಾತ್ರಿಯಿಡೀ ತಿರುಗಿ ಸವೆಯುವುದು ತಪ್ಪುತ್ತದೆ.