ಮೂರೂ ಫೌಲ್ ಆದ ದಿನ

ನಾನು ಲಾಂಗ್ ಜಂಪ್ ಕಲಿಸುತ್ತಿದ್ದ ಒಬ್ಬ ಹುಡುಗಿ ಅಭ್ಯಾಸದಲ್ಲಿ ಹತ್ತು ಸಲ ಓಡಿ ಬಂದರೆ ಎಂಟು ಸಲ ಸರಿಯಾಗಿ ಜಿಗಿಯುವ ಬೋರ್ಡ್ ಮೇಲೇ ಕಾಲಿಡುತ್ತಿದ್ದಳು. ಸ್ಪರ್ಧೆಯಲ್ಲಿ ಬೋರ್ಡ್ ದಾಟಿ ಕಾಲಿಟ್ಟು ಮೂರಕ್ಕೆ ಮೂರೂ ಫೌಲ್. ಲಾಂಗ್ ಜಂಪ್‌ನಲ್ಲಿ ಮೂರು ಸುತ್ತು ಮುಗಿದ ಮೇಲೆ ಮುಂದಿರುವ ಎಂಟು ಮಂದಿಗಷ್ಟೇ ಮತ್ತೆ ಅವಕಾಶ. ಅವಳ ಹೆಸರಿನ ಮುಂದೆ ಒಂದು ಅಳತೆಯೂ ಇರಲಿಲ್ಲ.

ಸಂಜೆ ಕೇಳಿದೆ, "ಓಡುವಾಗ ತಲೇಲಿ ಏನಿತ್ತು?"

"ನೀವು ಹೇಳಿದ್ದೇ ಸರ್. ಮಂಡಿ ಎತ್ತಬೇಕು, ಎದೆ ಬಾಗಬಾರದು, ಕೊನೇ ಹೆಜ್ಜೆ ಚಿಕ್ಕದಾಗಬೇಕು... ಅಷ್ಟರಲ್ಲಿ ಬೋರ್ಡ್ ಬಂದೇ ಬಿಡ್ತು."

ಆ ಮಾತು ಚುಚ್ಚಿತು. ಜಿಗಿಯೋಕೆ ಸಿಗುವುದು ಒಂದು ನಿಮಿಷ. ಅಷ್ಟರಲ್ಲಿ ನಾನು ಮೂರು ಸೂಚನೆ ತುರುಕಿದ್ದೆ. ಮೈಗೆ ಹತ್ತಿದ ಕೆಲಸವನ್ನು ಒತ್ತಡದಲ್ಲಿ ಬಿಡಿಬಿಡಿಯಾಗಿ ಗಮನಿಸಲು ಹೋದರೆ ಅದು ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಪಾದದ ಬಗ್ಗೆಯೇ ಯೋಚಿಸಿದರೆ ಎಡವುತ್ತೇವಲ್ಲ, ಹಾಗೆ. ಗಮನ ಮೈಯ ಭಾಗಗಳ ಮೇಲಿರುವುದಕ್ಕಿಂತ ಹೊರಗಿನ ಗುರಿಯ ಮೇಲಿದ್ದರೆ ಚಲನೆ ಸಲೀಸು ಅಂತ ಗಾಬ್ರಿಯೆಲೆ ವುಲ್ಫ್ ಅವರ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಓದಿದ್ದೆ, ಆದರೆ ಮೈದಾನದಲ್ಲಿ ಮರೆತಿದ್ದೆ.

ಮರುದಿನದಿಂದ "ಮಂಡಿ ಎತ್ತು" ಅನ್ನುವುದನ್ನು ಬಿಟ್ಟೆ. "ಮರಳಿನ ಆ ತುದಿಗೆ ಹಾರು" ಅಂದೆ, ಅಷ್ಟೇ. ಓಟಕ್ಕೆ ಮುಂಚಿನ ಕ್ರಮವನ್ನು ಅವಳೇ ಕಟ್ಟಿಕೊಂಡಳು. ಓಟ ಶುರುವಾಗುವ ಗುರುತಿನ ಹತ್ತಿರ ನಿಲ್ಲುವುದು, ಎರಡು ಸಲ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಡುವುದು, ಎಡಗಾಲಿನ ಶೂ ಒಮ್ಮೆ ನೆಲಕ್ಕೆ ಉಜ್ಜುವುದು, ಓಡುವುದು. ಶೂ ಉಜ್ಜೋದು ಯಾಕೆ ಅಂತ ನಾನು ಕೇಳಲಿಲ್ಲ. ಅದು ಅವಳದು.

ವಾರಕ್ಕೊಂದು ದಿನ ಸ್ಪರ್ಧೆಯನ್ನೇ ನಡೆಸಿದೆವು. ಎಲ್ಲರೂ ಸುತ್ತ ನಿಂತು ನೋಡಬೇಕು, ಒಬ್ಬರು ಬಾವುಟ ಹಿಡಿಯಬೇಕು, ಮೂರೇ ಅವಕಾಶ. ಆಗ ಒಂದು ವಿಷಯ ಗೊತ್ತಾಯಿತು. ಜನ ನೋಡುತ್ತಿದ್ದರೆ ಅವಳ ಓಟದ ರಭಸ ಹೆಚ್ಚಿ ಹೆಜ್ಜೆ ಉದ್ದವಾಗುತ್ತಿತ್ತು. ಅವಳು ಬೋರ್ಡ್ ದಾಟುತ್ತಿದ್ದದ್ದು ಅದಕ್ಕೇ. ಸ್ಪರ್ಧೆಯ ದಿನಕ್ಕೆ ಗುರುತನ್ನು ಒಂದು ಪಾದ ಹಿಂದಕ್ಕಿಟ್ಟೆವು. ಎದೆ ಢವಢವ ಅನ್ನುವುದನ್ನು ಹೆದರಿಕೆ ಅಂತ ಓದಬೇಡ, ಮೈ ಸಿದ್ಧವಾಗಿದೆ ಅಂತ ಓದು ಅಂದೆ. ಮುಂದಿನ ಸ್ಪರ್ಧೆಯಲ್ಲಿ ಒಂದು ಫೌಲ್, ಎರಡು ಒಳ್ಳೆಯ ಜಿಗಿತ.

ಆದರೆ ಎಲ್ಲವೂ ಉಸಿರಾಟದಿಂದ ಸರಿಹೋಗುವುದಿಲ್ಲ. ಇನ್ನೊಬ್ಬ ಹುಡುಗ ಗಾಯವಾಗಿ ಕೂತಿದ್ದ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಗೆಳೆಯರ ಜೊತೆ ಮಾತೂ ನಿಂತಿತ್ತು. "ಮನಸ್ಸು ಗಟ್ಟಿ ಮಾಡ್ಕೋ" ಅಂದುಬಿಟ್ಟೆ. ಹಾಗೆ ಅಂದಿದ್ದಕ್ಕೆ ನನಗೆ ಇವತ್ತಿಗೂ ನೋವಿದೆ. ಎರಡು ವಾರ ಕಳೆದ ಮೇಲೆ ಅವನ ಪಕ್ಕ ಕೂತು ಸುಮ್ನೆ ಕೇಳಿಸಿಕೊಂಡೆ. ಆಮೇಲೆ ಅವನ ಒಪ್ಪಿಗೆ ಪಡೆದು ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಅಲ್ಲಿ ಏನು ಮಾತಾಯಿತು ಅಂತ ನಾನು ಕೇಳುವುದಿಲ್ಲ, ತಂಡದವರಿಗೂ ಹೇಳುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದೆ.

"ನನ್ನ ಜಾಗ ಹೋಯ್ತಾ ಸರ್?" ಅಂದಿದ್ದ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಬಗ್ಗೆ ಹೇಳಿದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ಒಂದೇ ವಾಲ್ಟ್ ಮಾಡಿ ಹಿಂದೆ ಸರಿದವರು, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. "ನೀನು ಗೆಲ್ಲದಿದ್ದರೂ ನಿನ್ನ ಜಾಗ ಇಲ್ಲೇ ಇರುತ್ತೆ" ಅಂದೆ.

ಈಗ ಅವನು ದಿನಾ ಮೈದಾನಕ್ಕೆ ಬರುತ್ತಾನೆ. ಪ್ರತಿ ಜಿಗಿತದ ನಂತರ ಮರಳು ಸಮ ಮಾಡುತ್ತಾನೆ. ಯಾವಾಗ ಜಿಗಿಯುತ್ತೀಯ ಅಂತ ನಾನು ಇನ್ನೂ ಕೇಳಿಲ್ಲ.